ಗುಳಿಗೆ ಕೊಟ್ಟ ಮೇಲೆ ಫಿಟ್ಸ್ ಹೆಚ್ಚಾದರೆ?

ಪ್ರಶ್ನೆ: ಅಕ್ಕಾವರೇ, ನಮ್ಮ ಏಳು ವರ್ಷದ ಮಗಳು ಮಾತಾಡ್ತಾ ಮಾತಾಡ್ತಾ ಸುಮ್ಮನ ಒಂದೇ ಕಡೆ ನೋಡ್ತಾ ನಿಂತುಬಿಡ್ತಾಳ. ಕರೆದರೆ ಓ ಅನ್ನೂದಿಲ್ಲ. ಡಾಕ್ಟರು ಇದೂ ಒಂದು ಫಿಟ್ಸ್ ಅಂತ ಹೇಳಿ ಗುಳಿಗಿ ಕೊಟ್ಟರು. ಎರಡು ವಾರದಾಗ ಕಡಿಮಿ ಆಗೋ ಬದಲು ದಿನಾ ಹತ್ತಾರು ಸಲ ಆಗ್ತಾವ. ಅತ್ತೆಯವರು ಗುಳಿಗಿ ಬಂದ್ ಮಾಡು ಅಂತಾರ. ಮನೆಯವರು ಡಾಕ್ಟರ ಮಾತು ಮೀರಬ್ಯಾಡ ಅಂತಾರ. ನಾ ಏನು ಮಾಡಲಿ?
– ಒಬ್ಬ ತಾಯಿ, ರಾಯಬಾಗ

ಉತ್ತರ: ತಂಗೀ, ನಿಮ್ಮ ಅತ್ತೆಯವರ ಸಂಶಯ ಸುಳ್ಳಲ್ಲ, ಯಜಮಾನರ ಮಾತೂ ತಪ್ಪಲ್ಲ. ಫಿಟ್ಸಿನ ಗುಳಿಗೆಯಿಂದಲೇ ಫಿಟ್ಸ್ ಹೆಚ್ಚುವುದುಂಟು. ಆದರೆ ಅದನ್ನು ಮನೆಯಲ್ಲೇ ಥಟ್ಟನೆ ನಿಲ್ಲಿಸಿದರೆ ಬಿಡದೆ ದೊಡ್ಡ ಫಿಟ್ಸ್ ಬಂದು ಜೀವಕ್ಕೇ ಅಪಾಯವಾದೀತು. ಮುಂದಿನ ತಾರೀಖಿನವರೆಗೆ ಕಾಯದೆ ನಾಳೆಯೇ ಡಾಕ್ಟರನ್ನು ಕಾಣಿರಿ.

ಮೂರ್ಛೆರೋಗದಲ್ಲಿ ಹಲವು ಬಗೆ. ಕೈಕಾಲು ಸೆಟೆದು ಬೀಳುವುದು ಎಲ್ಲರಿಗೂ ಗೊತ್ತಿರುವ ಬಗೆ. ಹತ್ತು-ಹದಿನೈದು ಸೆಕೆಂಡು ಮಗು ಮೈಮರೆತು ನಿಂತು, ಮತ್ತೆ ಏನೂ ಆಗದಂತೆ ಆಡತೊಡಗುವುದು 'ಆಬ್ಸೆನ್ಸ್'. ಬೆಳಿಗ್ಗೆ ಎದ್ದಾಗ ಕೈ ಝಾಡಿಸಿ ಚಹದ ಕಪ್ಪು ಬೀಳುವುದು 'ಮಯೋಕ್ಲೋನಿಕ್'. ಮಿದುಳಿನ ಒಂದು ಭಾಗದಿಂದ ಹೊರಡುವ ಫಿಟ್ಸಿಗೆ ಕಾರ್ಬಮಜೆಪಿನ್, ಆಕ್ಸ್‌ಕಾರ್ಬಜೆಪಿನ್, ಫೆನಿಟೊಯಿನ್ ಒಳ್ಳೆಯ ಮದ್ದುಗಳು. ಅವೇ ಆಬ್ಸೆನ್ಸ್ ಮತ್ತು ಮಯೋಕ್ಲೋನಿಕ್ ಬಗೆಯನ್ನು ಹೆಚ್ಚಿಸಬಲ್ಲವು. ಹಾಲುಗೂಸಿನಲ್ಲೇ ಜ್ವರದೊಂದಿಗೆ ದೀರ್ಘ ಫಿಟ್ಸ್ ಶುರುವಾಗುವ 'ಡ್ರಾವೆ' ಎಂಬ ಅಪರೂಪದ ಕಾಯಿಲೆಯಲ್ಲಿ ಇವುಗಳ ಜೊತೆಗೆ ಲ್ಯಾಮೊಟ್ರಿಜಿನ್ ಕೂಡ ಒಗ್ಗದು. ಹಾಗೆಂದು ಎಲ್ಲ ತಪ್ಪನ್ನೂ ಗುಳಿಗೆಯ ಮೇಲೆ ಹೊರಿಸಬೇಡಿ. ಹೊತ್ತು ತಪ್ಪಿದ ಗುಳಿಗೆ, ನಿದ್ದೆಗೇಡು, ಜ್ವರ ಇವೂ ಕಾರಣವಾಗುತ್ತವೆ.

ಡಾಕ್ಟರ ಬಳಿ ಹೋಗುವಾಗ ಹೀಗೆ ಮಾಡಿರಿ:

1. ಗುಳಿಗೆ ಶುರುವಾದ ದಿನ, ಪ್ರಮಾಣ ಹೆಚ್ಚಿಸಿದ ದಿನ, ದಿನಕ್ಕೆ ಎಷ್ಟು ಸಲ ಫಿಟ್ಸ್ ಬಂತು ಎಂಬುದನ್ನು ಗೋಡೆಯ ಕ್ಯಾಲೆಂಡರಿನಲ್ಲೇ ಗುರುತು ಹಾಕಿರಿ. ಶಾಲೆಯ ಬಾಯಾರನ್ನೂ ಕೇಳಿರಿ.

2. ಒಂದು ಸಲವಾದರೂ ಮೊಬೈಲಿನಲ್ಲಿ ವಿಡಿಯೋ ತೆಗೆಯಿರಿ. ನೂರು ಮಾತಿಗಿಂತ ಅದು ಹೆಚ್ಚು ತಿಳಿಸುತ್ತದೆ.

3. ಎಲ್ಲ ಚೀಟಿ, ಗುಳಿಗೆಯ ಖಾಲಿ ಪಟ್ಟಿ ಒಯ್ಯಿರಿ. ಅಥಣಿ, ಕಾಗವಾಡದವರು ಮಿರಜ-ಸಾಂಗಲಿಗೆ, ನಿಪ್ಪಾಣಿ, ಚಿಕ್ಕೋಡಿಯವರು ಕೊಲ್ಹಾಪುರಕ್ಕೋ ಬೆಳಗಾವಿಗೋ ಹೋಗುತ್ತಾರೆ. ಎರಡು ಊರಿನ ಎರಡು ಹೆಸರಿನ ಗುಳಿಗೆಯಲ್ಲಿ ಮದ್ದು ಒಂದೇ ಇದ್ದೀತು! ಹಿಂಬದಿಯ ಸಣ್ಣ ಅಕ್ಷರ ನೋಡಿರಿ.

4. ಸಂಕೋಚ ಬಿಟ್ಟು ಕೇಳಿರಿ: "ಇದು ಯಾವ ಬಗೆಯ ಫಿಟ್ಸ್? ಈ ಗುಳಿಗೆ ಈ ಬಗೆಗೆ ಒಗ್ಗುತ್ತದೆಯೇ? ಇ.ಇ.ಜಿ. ಮಾಡಿಸಬೇಕೇ?" ಆ ಪರೀಕ್ಷೆಯಲ್ಲಿ ನೋವಿಲ್ಲ. ಮಗುವಿನಿಂದ ಮೂರು ನಿಮಿಷ ಜೋರಾಗಿ ಉಸಿರಾಡಿಸುತ್ತಾರೆ. ಆಬ್ಸೆನ್ಸ್ ಇದ್ದರೆ ಹೆಚ್ಚಾಗಿ ಅಲ್ಲಿಯೇ ಕಾಣಿಸಿಕೊಳ್ಳುತ್ತದೆ.

ಮನೆಮದ್ದಿನಲ್ಲೂ ಎಚ್ಚರವಿರಲಿ. ನೆಗಡಿಯಾದಾಗ ಕೊಬ್ಬರಿ ಎಣ್ಣೆಯಲ್ಲಿ ಕರ್ಪೂರ ಹಾಕಿ ಎದೆಗೆ ಹಚ್ಚುತ್ತೇವೆ, ನೀಲಗಿರಿ ಎಣ್ಣೆ ಮೂಸಿಸುತ್ತೇವೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ಥಾಮಸ್ ಮ್ಯಾಥ್ಯೂ ಮತ್ತು ಸಂಗಡಿಗರು 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇಂಥ ಎಣ್ಣೆಗಳಿಗೆ ನಂಟಿರುವ ಫಿಟ್ಸ್ 55 ಮಂದಿ ದೊಡ್ಡವರಲ್ಲಿ ಕಂಡುಬಂದಿತ್ತು. ಅವರಲ್ಲಿ 33 ಮಂದಿಗೆ ಮೊದಲೇ ಮೂರ್ಛೆರೋಗವಿತ್ತು. ದೊಡ್ಡವರ ಪಾಡೇ ಹೀಗಾದರೆ ಫಿಟ್ಸ್ ಇರುವ ಮಗುವಿಗೆ ಇವು ಬೇಡವೇ ಬೇಡ. ನೆಗಡಿಯ ಕೆಲವು ಸಿರಪ್ಪುಗಳೂ ಫಿಟ್ಸ್ ಕೆರಳಿಸುತ್ತವೆ. ಔಷಧ ಅಂಗಡಿಯಲ್ಲಿ ಮೊದಲೇ ತಿಳಿಸಿರಿ.

ದೊಡ್ಡ ಫಿಟ್ಸ್ ಬಂದರೆ ಮಗುವನ್ನು ಒಂದು ಮಗ್ಗುಲಿಗೆ ಮಲಗಿಸಿರಿ. ಬಾಯಿಗೆ ಚಮಚ, ನೀರು ಬೇಡ. ಕೈಗೆ ಕಬ್ಬಿಣ, ಮೂಗಿಗೆ ಉಳ್ಳಾಗಡ್ಡಿ ಏನೂ ಬೇಡ. ಐದು ನಿಮಿಷ ಮೀರಿದರೆ 108ಕ್ಕೆ ಫೋನು ಮಾಡಿರಿ.

ಡಾಕ್ಟರ ಮಾತು ಮೀರುವುದು ಬೇರೆ, ಕಂಡದ್ದನ್ನು ಅವರಿಗೆ ಹೇಳುವುದು ಬೇರೆ. ಮಗುವನ್ನು ಹಗಲು ರಾತ್ರಿ ನೋಡುವವರು ನೀವು. ನೀವು ಹೇಳದಿದ್ದರೆ ಅವರಿಗೆ ತಿಳಿಯುವುದಾದರೂ ಹೇಗೆ? ಮಗಳು ಹೇಗಿದ್ದಾಳೆಂದು ಮರೆಯದೆ ಬರೆಯಿರಿ.