ರಾಡಿ ತಿಂದ ವಿಂಚ್

ಶಹಾಪುರದ ಕಡೆಯ ತಂದೆಯೊಬ್ಬರು ಪತ್ರ ಬರೆದಿದ್ದಾರೆ. ಡಿಪ್ಲೊಮಾ ಓದುತ್ತಿರುವ ಮಗ ರಜೆಗೆ ಬಂದಿದ್ದಾನೆ. ಮನೆಯ ಹಳೆ ಜೀಪಿನ ವಿಂಚ್ ತೊಳೆದು ರಿಪೇರಿ ಮಾಡುತ್ತೇನೆಂದು ಹಟ ಹಿಡಿದಿದ್ದಾನೆ. ಕೈಬೆರಳು ಹೋದೀತೆಂಬ ಹೆದರಿಕೆ ಇವರಿಗೆ. ‘ನೀವಾದರೂ ಬೇಡವೆಂದು ಹೇಳಿ’ ಎಂದಿದ್ದಾರೆ. ಕ್ಷಮಿಸಬೇಕು, ನಾನು ಮಗನ ಕಡೆ. ಆದರೆ ಹೆದರಿಕೆಯೂ ಸುಳ್ಳಲ್ಲ.

ನಾರಾಯಣಪುರ ಎಡದಂಡೆ ಕಾಲುವೆಯ ನೀರು ಹರಿದ ಮೇಲೆ ಶಹಾಪುರ, ಸುರಪುರದ ಎರೆ ಹೊಲಗಳಿಗೆ ಭತ್ತ ಬಂತು, ಅದರ ಬೆನ್ನಿಗೆ ರಾಡಿಯೂ ಬಂತು. ಎರೆಮಣ್ಣು ನೀರು ಕುಡಿದು ಉಬ್ಬುವ ಜಿಗಟು ಮಣ್ಣು. ಅದರಲ್ಲಿ ಟ್ರ್ಯಾಕ್ಟರ್ ಹೂತುಕೊಂಡಿತೆಂದರೆ ವಿಂಚ್ ಇರುವ ಜೀಪಿನವನಿಗೆ ಊರೆಲ್ಲ ನೆಂಟರು! ಎಳೆದು ಮುಗಿದ ಮೇಲೆ ಕತ್ತಲಾಗಿರುತ್ತದೆ. ಹಗ್ಗವನ್ನು ರಾಡಿ ಸಮೇತ ಸುತ್ತಿಕೊಂಡು ಮನೆಗೆ ಬರುತ್ತಾರೆ. ಕೇಡು ಶುರುವಾಗುವುದು ಅಲ್ಲಿಂದ.

ವಿಂಚ್ ಎಂದರೆ ಬಾವಿಯ ರಾಟೆಯ ಬಂಧುವೇ. ಬ್ಯಾಟರಿಯಿಂದ ತಿರುಗುವ ಮೋಟಾರು, ಅದರ ವೇಗ ತಗ್ಗಿಸಿ ಬಲ ಹೆಚ್ಚಿಸುವ ಗೇರುಗಳು, ಹಗ್ಗ ಸುತ್ತುವ ಉರುಳೆ. ಗೇರುಗಳ ಜೋಡಣೆ ನೋಡಲು ಚಂದ: ನಡುವೆ ಸೂರ್ಯನಂತೆ ಒಂದು ಹಲ್ಲುಚಕ್ರ, ಅದರ ಸುತ್ತ ಗ್ರಹಗಳಂತೆ ಸಣ್ಣ ಚಕ್ರಗಳು. ಹೆಸರೂ ಪ್ಲಾನೆಟರಿ ಗೇರ್ ಎಂದೇ. ಅಣೆಕಟ್ಟಿನ ಗೇಟು ಎತ್ತುವ ಯಂತ್ರಗಳೂ ಇದೇ ಬಳಗದವು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟು ಕೊಚ್ಚಿಹೋದದ್ದು ನೆನಪಿದೆಯಲ್ಲ? ಅಲ್ಲಿ ತುಂಡಾದದ್ದು ಗೇಟನ್ನು ಹಿಡಿದಿದ್ದ ಸರಪಳಿ.

ಹಗ್ಗದ ವಿಷಯ ನನ್ನ ಅಂಗೈಗೇ ಗೊತ್ತು. ವರ್ಷಗಳ ಹಿಂದೆ ಸುರಪುರದ ಹೊರವಲಯದಲ್ಲಿ ಉಕ್ಕಿನ ಹಗ್ಗವನ್ನು ಬರಿಗೈಯಲ್ಲಿ ಜಾರಬಿಟ್ಟೆ. ಹರಿದು ಮೇಲೆದ್ದಿದ್ದ ಒಂದೇ ಒಂದು ಎಳೆ ಜಾಲಿಮುಳ್ಳಿನಂತೆ ಅಂಗೈಯನ್ನು ಸೀಳಿತು. ತಪ್ಪು ನನ್ನದೇ. ಚರ್ಮದ ಕೈಗವಸು ಜೀಪಿನ ಸೀಟಿನ ಮೇಲೆ ಬೆಚ್ಚಗೆ ಕುಳಿತಿತ್ತು.

ಆದ್ದರಿಂದ ಮೊದಲು ಕೈಗವಸು, ಆಮೇಲೆ ಕೆಲಸ. ಕ್ಲಚ್ ಹಿಡಿಕೆಯನ್ನು ಬಿಡುಗಡೆಯ ಕಡೆ ತಿರುಗಿಸಿದರೆ ಉರುಳೆ ಸಡಿಲವಾಗುತ್ತದೆ, ಹಗ್ಗ ಕೈಯಲ್ಲಿ ಎಳೆದರೆ ಬರುತ್ತದೆ. ಇದಕ್ಕೆ ಕರೆಂಟು ಬೇಡ, ಬ್ಯಾಟರಿಯ ತಂತಿ ಕಳಚಿಡಿ. ಬಕೆಟ್ ನೀರು, ಬ್ರಶ್ಶು ಸಾಕು. ಸರ್ವಿಸ್ ಸ್ಟೇಶನ್ನಿನ ಜೋರು ನೀರಿನ ಪೈಪು ಹಿಡಿದರೆ ನೀರು ಸೀಲು ದಾಟಿ ಮೋಟಾರು, ಗೇರುಗಳೊಳಗೆ ನುಗ್ಗುತ್ತದೆ. ಹಗ್ಗ ಚೆನ್ನಾಗಿ ಒಣಗಿದ ಮೇಲೆ ಅಂಗುಲ ಅಂಗುಲವಾಗಿ ನೋಡಿ. ಎಳೆ ಹರಿದಿದೆಯೇ, ಚಪ್ಪಟೆಯಾಗಿದೆಯೇ, ಮಡಿಕೆ ಬಿದ್ದಿದೆಯೇ? ಮಡಿಕೆ ಬಿದ್ದ ಉಕ್ಕಿನ ಹಗ್ಗವನ್ನು ಸುತ್ತಿಗೆಯಿಂದ ಬಡಿದು ನೇರ ಮಾಡಿದರೂ ಹೋದ ಬಲ ಮರಳುವುದಿಲ್ಲ. ಅಂಥದ್ದನ್ನು ಬದಲಾಯಿಸಬೇಕು, ದುಡ್ಡಿನ ಮುಖ ನೋಡಬಾರದು.

ನಮ್ಮ ಕಡೆ ಇನ್ನೊಂದು ರೂಢಿ ಇದೆ, ಇಂಜಿನ್ನಿನಿಂದ ತೆಗೆದ ಕರಿ ಆಯಿಲ್ ಬಳಿಯುವುದು. ಬಳಿದ ಮರುದಿನವೇ ಹೊಲದ ದೂಳು, ಹೊಳೆದಂಡೆಯ ಮರಳು ಅದಕ್ಕೆ ಮೆತ್ತಿ ಹಗ್ಗವನ್ನು ಒಳಗಿನಿಂದ ಅರೆಯುತ್ತವೆ. ಉಕ್ಕಿನ ಹಗ್ಗಕ್ಕೆ ತೆಳು ಎಣ್ಣೆಯ ಬಟ್ಟೆ ಸವರಿದರೆ ಸಾಕು. ಈಗ ಬಂದಿರುವ ಸಿಂಥೆಟಿಕ್ ಹಗ್ಗಕ್ಕೆ ಎಣ್ಣೆಯೇ ಬೇಡ, ನೀರಿನಲ್ಲಿ ನೆನೆಸಿ ಮರಳು ಬಿಡಿಸಿ ನೆರಳಲ್ಲಿ ಒಣಗಿಸಿ. ಬಿಸಿಲು ಅದರ ಶತ್ರು, ಅದರಲ್ಲೂ ಯಾದಗಿರಿಯ ಬಿಸಿಲು.

ಹಗ್ಗ ಎಳೆಯುವಾಗ ಉರುಳೆಯ ಮೇಲೆ ಕನಿಷ್ಠ ಐದು ಸುತ್ತು ಉಳಿಸಬೇಕೆನ್ನುತ್ತಾರೆ. ಏಕೆ? ಹಗ್ಗದ ತುದಿಯನ್ನು ಉರುಳೆಗೆ ಕಟ್ಟಿರುವುದು ಒಂದು ಸಣ್ಣ ಬೋಲ್ಟು. ಭಾರ ಹೊರುವುದು ಅದಲ್ಲ, ಸುತ್ತುಗಳ ಘರ್ಷಣೆ. ಘರ್ಷಣೆಯ ಗುಣಾಂಕ 0.1 ಎಂದಿಟ್ಟುಕೊಂಡರೂ ಐದು ಸುತ್ತು ದಾಟುವಾಗ ಎಳೆತ 23ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಪಿಯುಸಿ ವಿಜ್ಞಾನದವರು ಲೆಕ್ಕ ಹಾಕಿ ನೋಡಿ. ಸಿಂಥೆಟಿಕ್ ಹಗ್ಗ ಜಾರುವ ಜಾತಿ, ಅದಕ್ಕೆ ಇನ್ನೂ ಹೆಚ್ಚು ಸುತ್ತು ಬೇಕು.

ಮರಳಿ ಸುತ್ತುವುದು ಒಬ್ಬನ ಕೆಲಸವಲ್ಲ, ತಂದೆಯವರು ಇಲ್ಲಿ ಬೇಕು. ಬ್ಯಾಟರಿ ಮತ್ತೆ ಜೋಡಿಸಿ, ಕೊಕ್ಕೆಯನ್ನು ಗಟ್ಟಿ ಮರಕ್ಕೆ ಅಗಲ ಪಟ್ಟಿಯಿಂದ ಕಟ್ಟಿ. ಜೀಪು ನ್ಯೂಟ್ರಲ್‌ನಲ್ಲಿರಲಿ. ಒಬ್ಬರು ಒಳಗೆ ಕುಳಿತು ಹ್ಯಾಂಡ್‌ಬ್ರೇಕ್ ತುಸುವೇ ಹಿಡಿದಿರಲಿ, ಇನ್ನೊಬ್ಬರು ದೂರ ನಿಂತು ರಿಮೋಟ್ ಒತ್ತಲಿ. ಜೀಪು ಮರದ ಕಡೆ ಮೆಲ್ಲಗೆ ಸರಿಯುತ್ತ ಹಗ್ಗ ಬಿಗಿಯಾಗಿ, ಒತ್ತೊತ್ತಾಗಿ ಸುತ್ತಿಕೊಳ್ಳುತ್ತದೆ. ಸಡಿಲವಾಗಿ ಸುತ್ತಿದರೆ ಮುಂದಿನ ಸಲ ಮೇಲಿನ ಸುತ್ತು ಕೆಳಗಿನವುಗಳ ನಡುವೆ ಹೂತು ಜಜ್ಜಿಹೋಗುತ್ತದೆ. ಹಗ್ಗದ ನಡುವೆ ಒದ್ದೆ ಗೋಣಿಚೀಲ ಹೊದಿಸಿ. ಹರಿದರೆ ಅದು ಹಾರುವುದನ್ನು ತಡೆಯುತ್ತದೆ. ಬಿಗಿದ ಹಗ್ಗವನ್ನು ಯಾರೂ ದಾಟಬಾರದು, ನೋಡಲು ಬಂದ ಮಕ್ಕಳಂತೂ ಹತ್ತಿರ ಸುಳಿಯಬಾರದು. ಕೊನೆಯ ಮೂರು ಅಡಿ ಬಂದಾಗ ನಿಲ್ಲಿಸಿ, ಕೊಕ್ಕೆಗೆ ಒಂದು ಪಟ್ಟಿ ಸಿಕ್ಕಿಸಿ ಅದನ್ನು ಹಿಡಿಯಿರಿ. ಬೆರಳುಗಳು ಹೋಗುವುದು ಇಲ್ಲಿಯೇ, ಕೊಕ್ಕೆ ಹಿಡಿದ ಕೈ ಉರುಳೆಯ ಬಾಯಿಗೆ ಬಂದಾಗ.

ಬೋಲ್ಟುಗಳನ್ನು ಬಿಗಿಮಾಡಿ, ಬ್ಯಾಟರಿಯ ತುದಿಗಳಿಗೆ ಮೆತ್ತಿದ ಬಿಳಿ ಹುಡಿ ಉಜ್ಜಿ ತೆಗೆಯಿರಿ. ತಿಂಗಳಿಗೊಮ್ಮೆ ಕೆಲವು ನಿಮಿಷ ಓಡಿಸಿದರೆ ಮೋಟಾರಿನ ತೇವ ಆರುತ್ತದೆ. ಇಷ್ಟನ್ನು ಮಗ ಮಾಡಲಿ. ಗೇರ್ ಪೆಟ್ಟಿಗೆ ಮಾತ್ರ ಈ ರಜೆಯಲ್ಲಿ ಬಿಚ್ಚುವುದು ಬೇಡ. ತಿರುಗುವಾಗ ಕರಕರ ಸದ್ದು ಬಂದರೆ ಮೇಸ್ತ್ರಿಯ ಹತ್ತಿರ ಒಯ್ಯಲಿ, ಅವನು ಬಿಚ್ಚುವಾಗ ಪಕ್ಕದಲ್ಲಿ ಕುಳಿತು ನೋಡಲಿ.