ಹಾಡಿದಾಕಿ ಹೆಸರೇನ್ರೀ?

ಶುಕ್ರವಾರ ರಾತ್ರಿ ಬೆಂಗಳೂರಿನಿಂದ ಗಂಗಾವತಿ ಬಸ್ಸು ಹತ್ತಿದರೆ ಅಕ್ಕಪಕ್ಕದ ಮೊಬೈಲುಗಳಲ್ಲಿ ನಮ್ಮ ಕಡೆ ಜಾನಪದ ಹಾಡುಗಳದ್ದೇ ದರ್ಬಾರು. ಹೋದ ಸಲ ಪಕ್ಕದಲ್ಲಿ ಕೂತಿದ್ದ ಯಲಬುರ್ಗಾದ ಟೆಕ್ಕಿಯನ್ನು ಕೇಳಿದೆ: "ಇದನ್ನ ಹಾಡಿದಾಕಿ ಯಾರು?" ಬರೆದವನ ಹೆಸರು ಹೇಳಿದ, ಕೀಬೋರ್ಡ್ ನುಡಿಸಿದವನ ಊರು ಹೇಳಿದ. ಹಾಡಿದಾಕಿ? "ಯಾರೋ ಒಬ್ಬಾಕಿ ಇರಬೇಕ್ರೀ."

ನನ್ನ ತಕರಾರು ಈ 'ಯಾರೋ ಒಬ್ಬಾಕಿ' ಬಗ್ಗೆ.

ಕುಷ್ಟಗಿಯಲ್ಲಿರುವ ನಮ್ಮ ಕಾಕಾನ ಮಗಳು ಮೂರು ವರ್ಷ ರಸಮಂಜರಿ ಕಾರ್ಯಕ್ರಮಗಳಲ್ಲಿ ಹಾಡಿದಳು. ಜಾತ್ರೆ, ಉರುಸು, ಗಣಪತಿ, ಮದುವೆ ಯಾವುದನ್ನೂ ಬಿಡಲಿಲ್ಲ. ಬ್ಯಾನರಿನಲ್ಲಿ ಗಂಡು ಗಾಯಕರ ಫೋಟೋ, ಬಿರುದು, ಕಮಿಟಿಯವರ ಇಪ್ಪತ್ತು ಮುಖ. ಕೆಳಗೆ ಒಂದು ಸಾಲು: 'ಜೊತೆಗೆ ಮಹಿಳಾ ಗಾಯಕಿ'. "ಅಣ್ಣಾ, ಇದ್ರಾಗ ನನ್ನ ಹೆಸರು ಎಲ್ಲೈತಿ?" ಅಂತ ಕೇಳಿದ್ದಳು. "ಹೆಸರು ತಗೊಂಡು ಏನ್ ಮಾಡ್ತಿ, ರೊಕ್ಕ ಬಂತಿಲ್ಲೋ?" ಅಂದವನು ಬೇರೆ ಯಾರೂ ಅಲ್ಲ, ನಾನೇ.

ಹೆಸರಿದ್ದರೆ ಏನಾಗುತ್ತೆ ಅನ್ನೋದು ನನಗೆ ಗೊತ್ತಾಗಿದ್ದು ಆಮೇಲೆ. ಬ್ಯಾನರಿನಲ್ಲಿದ್ದ ಫೋನ್ ನಂಬರು ತಂಡದ ಮಾಲೀಕನದು. ಜನ ಅವಳ ದನಿ ಮೆಚ್ಚಿದರೂ ಅವಳನ್ನು ಕರೆಯೋ ದಾರಿಯೇ ಇರಲಿಲ್ಲ. ಕೊಟ್ಟಷ್ಟು ತಗೋಬೇಕು, ಜಗಳ ಆಡಿದರೆ ಮುಂದಿನ ಊರಿಗೆ ಇನ್ನೊಬ್ಬಾಕಿ. ಕೊನೆಗೆ 'ಸ್ಟೇಜ್ ಬಿಡಬೇಕು' ಅನ್ನೋ ಷರತ್ತಿನ ಮೇಲೆ ಮದುವೆ ಆಯಿತು. ಮೂರು ವರ್ಷ ಹಾಡಿದ್ದಕ್ಕೆ ಸಾಕ್ಷಿಯಾಗಿ ಅವಳ ಹತ್ತಿರ ಒಂದು ತುಂಡು ಕಾಗದವೂ ಇಲ್ಲ.

ಈಗ ಸ್ವಲ್ಪ ಮೇಲೆ ಹೋಗೋಣ. ಕುಷ್ಟಗಿಯಿಂದ ಇಳಕಲ್, ಹುನಗುಂದ, ಬಾಗಲಕೋಟೆ ದಾಟಿದರೆ ಬೀಳಗಿ. ಅಲ್ಲಿಯ ಅಮೀರ್‌ಬಾಯಿ ನಾಟಕದ ಮನೆತನದ ಹುಡುಗಿ. ಹರೆಯದಲ್ಲೇ ಮುಂಬೈ ಸೇರಿ, 1930ರ ದಶಕದಲ್ಲಿ ಸಿನಿಮಾಗಳಲ್ಲಿ ನಟಿಸಿ ಹಾಡಿದಳು. 1943ರ 'ಕಿಸ್ಮತ್' ಚಿತ್ರಕ್ಕೆ ಅನಿಲ್ ಬಿಸ್ವಾಸ್ ಸಂಗೀತದಲ್ಲಿ ಹಾಡಿದ ಮೇಲಂತೂ ದೇಶವೆಲ್ಲ ಅವಳ ದನಿ. ನಾಟಕದ ಹೆಣ್ಣುಮಕ್ಕಳ ಬಗ್ಗೆ ಊರು ಏನು ಮಾತಾಡುತ್ತಿತ್ತು ಅಂತ ಬಿಡಿಸಿ ಹೇಳಬೇಕಿಲ್ಲ. ಆದರೂ ಅವಳು ಹೆಸರು ಬಚ್ಚಿಡಲಿಲ್ಲ. ಅಮೀರ್‌ಬಾಯಿ ಕರ್ನಾಟಕಿ. ನಾಡಿನ ಹೆಸರನ್ನೇ ಅಡ್ಡಹೆಸರು ಮಾಡಿಕೊಂಡು ಮುಂಬೈಯಲ್ಲಿ ಬದುಕಿದಳು. ಅವಳು ನಾಡಿನ ಹೆಸರು ಹೊತ್ತಳು, ನಾವು ನಮ್ಮ ಹುಡುಗಿಯರ ಹೆಸರಿಗೆ ಬ್ಯಾನರಿನಲ್ಲಿ ಒಂದು ಗೇಣು ಜಾಗ ಕೊಡಲಿಲ್ಲ.

1949ರ 'ಮಹಲ್' ಚಿತ್ರದ ರೆಕಾರ್ಡಿನ ಮೇಲೆ ಗಾಯಕಿ ಅಂತ ಅಚ್ಚಾಗಿದ್ದು 'ಕಾಮಿನಿ'. ಅದು ಸಿನಿಮಾದ ಪಾತ್ರದ ಹೆಸರು. ಹಾಡಿದ್ದು ಲತಾ ಮಂಗೇಶ್ಕರ್. 'ಯಾರಿದು?' ಅಂತ ಕೇಳುಗರು ರೇಡಿಯೊಗೆ ಪತ್ರದ ಮೇಲೆ ಪತ್ರ ಬರೆದರು, ಆಮೇಲೆ ಹೆಸರು ಹೊರಗೆ ಬಂತು. ನೋಡಿ, ಕೇಳುಗರು ಕೇಳಿದ್ದರಿಂದ ಆದ ಕೆಲಸ ಅದು. ನಾವು ಕೇಳ್ತಿಲ್ಲ. ರೀಲ್ಸ್‌ಗೆ ಕುಣಿದು ಮುಂದೆ ಹೋಗ್ತೀವಿ.

"ಹೆಸರು ಹಾಕಿದ್ರ ಹುಡುಗಿಗೇ ತ್ರಾಸು, ಕೆಟ್ಟ ಕಾಮೆಂಟು" ಅಂತ ಕೆಲವರು ಅಂತಾರೆ. ಭಲೇ! ಕಾಮೆಂಟು ಹಾಕೋರನ್ನು ಬಿಟ್ಟು ಹಾಡೋರನ್ನ ಮರೆಮಾಡೋ ಕಾಳಜಿ ಇದು. ಹೆಸರು ಬೇಡ ಅಂತ ಅವಳೇ ಹೇಳಿದರೆ ಸರಿ. ಅವಳನ್ನು ಯಾರು ಕೇಳಿದ್ದಾರೆ?

ನಿಮ್ಮ ಆಫೀಸಿನ ರಾಜ್ಯೋತ್ಸವಕ್ಕೋ, ಅಪಾರ್ಟ್‌ಮೆಂಟಿನ ಗಣಪತಿಗೋ ತಂಡ ಕರೆಸುವವರು ನೀವೇ ತಾನೆ? ಮೂರು ಕೆಲಸ ಮಾಡಿ. ಅವಳನ್ನು ಕೇಳಿ, ಅವಳ ಹೆಸರನ್ನು ಗಂಡು ಗಾಯಕನ ಹೆಸರಿನಷ್ಟೇ ದೊಡ್ಡದಾಗಿ ಹಾಕಿ. ಅವಳ ಪಾಲಿನ ದುಡ್ಡು ಅವಳ ಕೈಗೇ ಕೊಡಿ. ರಾತ್ರಿ ಒಂದು ಗಂಟೆಗೆ ಕಾರ್ಯಕ್ರಮ ಮುಗಿದ ಮೇಲೆ ಅವಳು ಹೇಗೆ ಮನೆ ಮುಟ್ಟುತ್ತಾಳೆ ಅಂತ ಮೊದಲೇ ಕೇಳಿ. ಇದಕ್ಕೆ ಸ್ತ್ರೀವಾದ ಓದಬೇಕಿಲ್ಲ, ಸಣ್ಣ ಲೆಕ್ಕ ಗೊತ್ತಿದ್ದರೆ ಸಾಕು. ಅಪ್ರೈಸಲ್‌ನಲ್ಲಿ ನಿಮ್ಮ ಕೆಲಸಕ್ಕೆ ಇನ್ನೊಬ್ಬ ಹೆಸರು ಹಾಕಿಕೊಂಡರೆ ತಿಂಗಳುಗಟ್ಟಲೆ ಕುದಿಯೋರು ನಾವು.

ಮೊನ್ನೆ ಊರಿಗೆ ಹೋದಾಗ ಕಾಕಾನ ಮಗಳು ರೊಟ್ಟಿ ಬಡಿಯುತ್ತಾ ಸಣ್ಣಗೆ ಹಾಡುತ್ತಿದ್ದಳು. ನನ್ನನ್ನು ನೋಡಿ ನಿಲ್ಲಿಸಿದಳು. ಹಾಡು ಅನ್ನಲು ನನಗೆ ಬಾಯಿ ಬರಲಿಲ್ಲ.