ಚಕ್ರ ಬಿಚ್ಚದೆ ಬ್ರೇಕ್ ನೋಡಿದ್ದೇವೆ ಎನ್ನಬೇಡಿ

ಹಾವೇರಿ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಯ ಅಧ್ಯಕ್ಷರಾದ ಜಿಲ್ಲಾಧಿಕಾರಿಗಳಿಗೆ ಹಾಗೂ ಹಾವೇರಿ, ರಾಣೆಬೆನ್ನೂರಿನ ಸಾರಿಗೆ ಅಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯರೇ,

ಹಳದಿ ಬೋರ್ಡಿನ ಗಾಡಿಗಳಿಗೆ ಎಂಟು ವರ್ಷ ತುಂಬುವವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ತಪಾಸಣೆ ಮಾಡಿಸಿ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಪಡೆಯುವುದು ಕಡ್ಡಾಯ. ಸ್ವಂತ ಬಳಕೆಯ ಕಾರಿಗೆ ಹಾಗಿಲ್ಲ. ಒಮ್ಮೆ ನೋಂದಣಿಯಾದರೆ 15 ವರ್ಷ ಅದನ್ನು ಯಾರೂ ಇಂಥ ತಪಾಸಣೆಗೆ ಕರೆಯುವುದಿಲ್ಲ. ಅಷ್ಟೂ ಕಾಲ ಬ್ರೇಕ್ ಸರಿಯಿದೆ ಎನ್ನುವುದಕ್ಕೆ ಗ್ಯಾರೇಜಿನವರ ಬಾಯಿಮಾತೇ ಆಧಾರ.

ಆ ಮಾತು ಎಷ್ಟು ಗಟ್ಟಿ ಎಂಬುದನ್ನು ಕಳೆದ ಮಳೆಗಾಲದಲ್ಲಿ ಕಂಡೆ. ಒಂದು ಗ್ಯಾರೇಜಿನಲ್ಲಿ ಕಾರು ಸರ್ವಿಸ್ ಮಾಡಿಸಿದ್ದೆ. ಬಿಲ್ಲಿನಲ್ಲಿ 'ಬ್ರೇಕ್ ಚೆಕ್' ಎಂದು ಬರೆದು ಹಣ ತೆಗೆದುಕೊಂಡರು. ಕೆಲವೇ ವಾರಗಳಲ್ಲಿ ಮುಂದಿನ ಎಡ ಚಕ್ರದಿಂದ ಕಬ್ಬಿಣ ಉಜ್ಜುವ ಸದ್ದು. ಬ್ಯಾಡಗಿಯ ಹಿರಿಯ ಮಿಸ್ತ್ರಿಯೊಬ್ಬರು ಚಕ್ರ ಬಿಚ್ಚಿ ನನ್ನನ್ನು ಹತ್ತಿರ ಕರೆದು ತೋರಿಸಿದರು. ಹೊರಗಿನ ಪ್ಯಾಡ್ ಇನ್ನೂ ಅರ್ಧದಷ್ಟಿತ್ತು. ಒಳಗಿನದು ಸವೆದು ತಗಡಿಗೆ ಬಂದಿತ್ತು. ಡಿಸ್ಕಿನ ಒಳಮೈ ಮೇಲೆ ಉಗುರು ಸಿಕ್ಕಿಕೊಳ್ಳುವಷ್ಟು ಆಳದ ಗೆರೆಗಳು. ಕ್ಯಾಲಿಪರ್ ಪಿನ್ನಿನ ರಬ್ಬರ್ ಹರಿದು, ಕೆಸರು ನುಗ್ಗಿ, ಪಿನ್ನು ಜಾಮ್ ಆಗಿತ್ತು. ಹಿಂದಿನ ಡ್ರಮ್ ಬಿಚ್ಚಿದರೆ ವೀಲ್ ಸಿಲಿಂಡರ್ ಸೋರಿ ಬ್ರೇಕ್ ಶೂ ಒದ್ದೆಯಾಗಿತ್ತು. ಚಕ್ರದ ಸಂದಿಯಲ್ಲಿ ಟಾರ್ಚ್ ಬಿಟ್ಟು ನೋಡಿದರೆ ಕಾಣುವುದು ಹೊರಗಿನ ಪ್ಯಾಡ್ ಮಾತ್ರ. ಮೊದಲಿನವರು ಚಕ್ರಕ್ಕೆ ಪಾನಾ ಹಾಕಿದ್ದೇ ಅನುಮಾನ.

ಇದು ನನ್ನೊಬ್ಬನ ದೂರಲ್ಲ. ಕಾರಿಟ್ಟ ಯಾರನ್ನೇ ಕೇಳಿ, ತಮ್ಮ ಬ್ರೇಕ್ ಪ್ಯಾಡ್ ಎಷ್ಟು ಮಿಲಿಮೀಟರ್ ಉಳಿದಿದೆ ಎಂದು ಹೇಳಬಲ್ಲವರು ಸಿಗುವುದು ಕಷ್ಟ. ಹೊಸದಿದ್ದಾಗ ಸುಮಾರು 10 ಮಿಲಿಮೀಟರ್ ಇರುವ ಪ್ಯಾಡ್ 3ಕ್ಕೆ ಇಳಿದರೆ ಬದಲಿಸಬೇಕು. ಡಿಸ್ಕ್ ಎಷ್ಟು ತೆಳುವಾಗಬಹುದು ಎಂಬ ಮಿತಿ ಸಾಮಾನ್ಯವಾಗಿ ಅದರ ಮೇಲೆಯೇ ಅಚ್ಚಾಗಿರುತ್ತದೆ. ಬ್ರೇಕ್ ಆಯಿಲ್ ವಿಷಯವಂತೂ ಯಾರೂ ಎತ್ತುವುದೇ ಇಲ್ಲ. ಅದು ಗಾಳಿಯ ತೇವ ಹೀರುತ್ತದೆ. ಡಾಟ್ 4 ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು ಎಂಬುದು ನಿಯಮ; ತೇವ ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ನಮ್ಮ ಬಯಲುಸೀಮೆಯಲ್ಲಿ ಓಡಾಡುವಾಗ ಇದು ಗೊತ್ತಾಗುವುದಿಲ್ಲ. ಮಕ್ಕಳನ್ನು ಕೂರಿಸಿಕೊಂಡು ಶಿರಸಿ ದಾಟಿ ದೇವಿಮನೆ ಘಟ್ಟ ಇಳಿಯುವಾಗ ಬ್ರೇಕ್ ಕಾದು, ಆಯಿಲ್ ಕುದ್ದು, ಪೆಡಲ್ ತಳ ಮುಟ್ಟಿದರೆ ಯಾರನ್ನು ಕೇಳುವುದು?

ಮೆಣಸಿನಕಾಯಿ ಸುಗ್ಗಿ ಬಂತೆಂದರೆ ಸಂತೆ ದಿನಗಳಾದ ಸೋಮವಾರ, ಗುರುವಾರ ಬ್ಯಾಡಗಿ ಪೇಟೆ, ಮೋಟೆಬೆನ್ನೂರಿನ ಹೆದ್ದಾರಿ ಎಲ್ಲ ಲಾರಿಮಯ. ಗಂಟೆಗೆ 80 ಕಿಲೋಮೀಟರ್ ವೇಗದ ಕಾರು ಒಂದು ಸೆಕೆಂಡಿಗೆ 22 ಮೀಟರ್ ಸಾಗುತ್ತದೆ; ಬ್ರೇಕ್ ಹಿಡಿಯುವುದು ತಡವಾದಷ್ಟೂ ಮುಂದಿನ ಲಾರಿ ಹತ್ತಿರವಾಗುತ್ತದೆ. 2024ರ ಜೂನ್ 28ರ ನಸುಕಿನಲ್ಲಿ ಇದೇ ಹೆದ್ದಾರಿಯ ಗುಂಡೇನಹಳ್ಳಿ ಬಳಿ ನಿಂತ ಲಾರಿಗೆ ಟೆಂಪೊ ಟ್ರಾವೆಲರ್ ಗುದ್ದಿ, ಭದ್ರಾವತಿ ತಾಲ್ಲೂಕು ಎಮ್ಮೆಹಟ್ಟಿಯ ಕಡೆಯ 13 ಜನ ದೇವರ ದರ್ಶನ ಮುಗಿಸಿ ಬರುವಾಗ ಪ್ರಾಣ ಬಿಟ್ಟರು. ಅದಕ್ಕೆ ಬ್ರೇಕ್ ಕಾರಣ ಎಂದು ನಾನು ಹೇಳುತ್ತಿಲ್ಲ. ರಸ್ತೆ ಬದಿ ಲಾರಿ ನಿಲ್ಲುವ ಈ ಹೆದ್ದಾರಿಯಲ್ಲಿ ಕಾರು ನಿಲ್ಲಬೇಕಾದಾಗ ನಿಲ್ಲಲೇಬೇಕು ಎಂದಷ್ಟೇ ಹೇಳುತ್ತಿದ್ದೇನೆ.

ಹಾಗಾಗಿ ನಮ್ಮ ಬೇಡಿಕೆ ಇಷ್ಟು. ಜನವರಿಯಲ್ಲಿ ಹೇಗೂ ರಸ್ತೆ ಸುರಕ್ಷತಾ ಮಾಸ ಬರುತ್ತದೆ. ಬ್ಯಾನರ್, ಜಾಥಾ ಜೊತೆಗೆ ಬ್ಯಾಡಗಿ ಎಪಿಎಂಸಿ ಪ್ರಾಂಗಣದಲ್ಲಿ ಸಂತೆಯಿಲ್ಲದ ದಿನ ಚಕ್ರ ಬಿಚ್ಚಿ ಬ್ರೇಕ್ ನೋಡುವ ಶಿಬಿರ ನಡೆಸಿ. ಹಾವೇರಿ, ರಾಣೆಬೆನ್ನೂರಿನಲ್ಲೂ ನಡೆಸಿ. ಐಟಿಐ ಹುಡುಗರನ್ನು, ದೇವಗಿರಿಯ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿನ ಮೆಕ್ಯಾನಿಕಲ್ ವಿಭಾಗದವರನ್ನು ಕರೆಯಿರಿ. ಅವರಿಗೂ ಕೈ ಪಳಗುತ್ತದೆ. ಎಡ ಬಲ ಚಕ್ರಗಳ ಬ್ರೇಕ್ ಬಲವನ್ನು ಬೇರೆಬೇರೆ ಅಳೆಯುವ ರೋಲರ್ ಯಂತ್ರದಲ್ಲಿ ಸ್ವಂತ ಕಾರಿನವರೂ ಶುಲ್ಕ ಕೊಟ್ಟು ಪರೀಕ್ಷಿಸಿಕೊಳ್ಳುವ ಏರ್ಪಾಡು ಜಿಲ್ಲೆಯಲ್ಲೇ ಆಗಲಿ.

ಗ್ಯಾರೇಜುಗಳಿಗೂ ಒಂದು ಸೂಚನೆ ಹೋಗಲಿ. 'ಬ್ರೇಕ್ ಚೆಕ್' ಎಂದು ಬರೆದವರು ನಾಲ್ಕೂ ಚಕ್ರದ ಪ್ಯಾಡ್, ಶೂಗಳ ಅಳತೆಯನ್ನು ಬಿಲ್ಲಿನಲ್ಲೇ ಮಿಲಿಮೀಟರಿನಲ್ಲಿ ಬರೆಯಬೇಕು, ತೆಗೆದ ಹಳೆಯ ಪ್ಯಾಡ್, ಶೂಗಳನ್ನು ಮಾಲೀಕರ ಕೈಗೆ ಕೊಡಬೇಕು. ಬಿಲ್ಲು ಕೊಡದಿರುವುದನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅನುಚಿತ ವ್ಯಾಪಾರ ಪದ್ಧತಿ ಎನ್ನುತ್ತದೆ. ಗ್ರಾಹಕರ ಸಹಾಯವಾಣಿ 1915 ಪ್ರತಿ ಗ್ಯಾರೇಜಿನ ಗೋಡೆಯ ಮೇಲೆ ಕಾಣುವಂತಿರಲಿ.

ಸಮಿತಿಯ ಮುಂದಿನ ಸಭೆಯಲ್ಲೇ ಇದನ್ನು ಚರ್ಚೆಗೆ ಇಟ್ಟು, ಶಿಬಿರದ ದಿನಾಂಕವನ್ನು ಸುಗ್ಗಿ ಜೋರಾಗುವ ಮೊದಲೇ ಪ್ರಕಟಿಸಬೇಕೆಂದು ಕೋರುತ್ತೇನೆ.

ಇಂತಿ,
ಬ್ಯಾಡಗಿ ತಾಲ್ಲೂಕಿನ ಒಬ್ಬ ಕಾರು ಮಾಲೀಕ